ಐದೂವರೆಯ ಒಳಗೆ

೪ ಮಾರ್ಚ್

ಪ್ರೀತಿಯ ಕಡ್ಡಿ,

ಇಲ್ಲಿ ಕ್ಷೇಮ ಅಂತ ಶುರು ಮಾಡಬೇಕು. ಅದನ್ನು ಬರೆಯಲು ಕೈ ಏಳಲಿಲ್ಲ, ಆ ಸಾಲು ಬಿಟ್ಟಿದ್ದೇನೆ. ಫೋನ್ ಮಾಡಿದರೆ ನಾವಿಬ್ಬರೂ ಎರಡನೇ ನಿಮಿಷಕ್ಕೆ ಕಿತ್ತಾಡುತ್ತೇವೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ತಪ್ಪು ಅಕ್ಷರ ಕಂಡರೆ ನಗಬೇಡ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಯಾರಿಗೋಸ್ಕರ ಬಿಟ್ಟೆ ಅಂತ ನಿನಗೆ ಗೊತ್ತಿದೆ.

ಈ ತಿಂಗಳ ರಕ್ತದ ರಿಪೋರ್ಟು ಬಂತು. ಎಲ್ಲ ಪರವಾಗಿಲ್ಲ, ಒಂದೇ ಒಂದು ಜಾಸ್ತಿ. ಅದೇನೋ ಉಪ್ಪಿನಂಥದ್ದು, ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಐದೂವರೆಯ ಒಳಗಿರಬೇಕು, ನನ್ನದು ಏಳು ಪಾಯಿಂಟ್ ಎಂಟು. ನಾವು ತಿನ್ನುವ ಎಲ್ಲದರಲ್ಲೂ ಅದು ಇರುತ್ತದಂತೆ. ಒಳ್ಳೆಯ ಕಿಡ್ನಿ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮೂತ್ರದಲ್ಲಿ ಆಚೆಗೆ ಕಳಿಸುತ್ತದೆ. ನನ್ನವು ಎರಡೂ ಬತ್ತಿಹೋಗಿವೆಯಲ್ಲ. ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನ್ನಿಗೆ ಮೈ ಒಡ್ಡಿದರೂ ಅದು ಪೂರ್ತಿ ಹೋಗುವುದಿಲ್ಲ. ಮೆಷಿನ್ ಓಡುವಾಗ ಮೈಯ ಸಂದಿಗೊಂದಿಯಲ್ಲಿ ಅಡಗಿ ಕೂತಿದ್ದು, ನಿಂತ ಮೇಲೆ ಮೆಲ್ಲಗೆ ರಕ್ತಕ್ಕೆ ಬರುತ್ತದಂತೆ. ಅದಕ್ಕೇ ಮಾತ್ರೆ. ಊಟದ ನಡುವೆಯೇ ಅಗಿಯಬೇಕು, ಮೊದಲೂ ಅಲ್ಲ ಆಮೇಲೂ ಅಲ್ಲ, ಅನ್ನದ ಜೊತೆ ಹೊಟ್ಟೆಯೊಳಗೆ ಸೇರಿ ಅದನ್ನು ಹಿಡಿದುಕೊಳ್ಳಬೇಕು. ನಾನು ತುತ್ತು, ಮಾತ್ರೆ, ತುತ್ತು ಅಂತ ತಿನ್ನುತ್ತಿದ್ದೇನೆ. ಸೀಮೆಸುಣ್ಣ ತಿಂದ ಹಾಗಿರುತ್ತದೆ.

ಭಯ ಬೇರೆಯದು. ಮೂರು ತಿಂಗಳು ಸತತವಾಗಿ ಐದೂವರೆಯ ಒಳಗೆ ಬಂದರೆ ಮಾತ್ರ ಆಪರೇಷನ್ನಿಗೆ ದಿನ ಕೊಡುತ್ತಾರಂತೆ. ದೊಡ್ಡ ಡಾಕ್ಟರು ನನ್ನ ಮುಖವನ್ನೂ ನೋಡದೆ ಹೇಳಿದರು, "ಈಗಲೇ ಮಾತ್ರೆ ಸರಿಯಾಗಿ ತಗೊಳ್ಳದವರು ಹೊಸ ಕಿಡ್ನಿ ಹಾಕಿದ ಮೇಲೆ ತಗೊಳ್ತಾರಾ?" ತಗೊಳ್ತಾ ಇದೀನಿ ಅಂದೆ. ರಿಪೋರ್ಟಿನ ಸಂಖ್ಯೆಯ ಮೇಲೆ ಪೆನ್ನು ಕುಟ್ಟಿ ತೋರಿಸಿದರು. ನಿನ್ನ ಎದುರಿಗೇ ಅವರಿಗೆ ಹೇಳಿದೆನಲ್ಲ, ತಂಗಿ ಕೊಡ್ತಾಳೆ, ಅದರಲ್ಲಿ ಎರಡು ಮಾತಿಲ್ಲ ಅಂತ. ಕೊಡುವವಳು ಸಿದ್ಧವಾಗಿದ್ದಾಳೆ, ತೆಗೆದುಕೊಳ್ಳುವವಳ ಸಂಖ್ಯೆ ಅಡ್ಡ ಬಂದಿದೆ.

ಲಾಂಡ್ರಿಯಲ್ಲಿ ನನ್ನನ್ನು ಇಸ್ತ್ರಿ ರೋಲರಿನಿಂದ ತೆಗೆದು ದಿಂಬಿನ ಕವರು ಮಡಿಸಲು ಕೂರಿಸಿದ್ದಾರೆ. ಕೂತ ಕೆಲಸ, ಆದರೂ ಸೊಂಟ ನೋವು.

ನಿಮ್ಮ ಕೋಳಿ ಕಾರ್ಖಾನೆಯ ಲಾರಿ ಡ್ರೈವರ್ ನೀನು ಕಟ್ಟಿದ ಮಾಂಸದ ಪೊಟ್ಟಣ ತಲುಪಿಸಿದ. ಅಂಗಡಿಯದೇನೂ ತಿನ್ನಬಾರದು ಅಂತ ಊಟದ ಪಟ್ಟಿ ಬರೆದುಕೊಡುವ ಮೇಡಂ ಹೇಳಿದ್ದಾರೆ. ನೀನು ಕಳಿಸುವುದೊಂದು ಇರುವುದರಿಂದ ಬದುಕಿದೆ.

ನಿನ್ನ ಅಕ್ಕ

೧೯ ಮಾರ್ಚ್

ಅಕ್ಕ,

ನಿನ್ನ ಕಾಗದ ಓದಿ ಇವರು, "ನಿಮ್ಮಕ್ಕ ಕಿಡ್ನಿ ಇಲ್ದೆ ಬದುಕ್ತಾರೆ, ಚಿಂತೆ ಇಲ್ದೆ ಬದುಕಲ್ಲ" ಅಂದರು. ನಾನು ನಕ್ಕೆ. ಬೇಜಾರು ಮಾಡಿಕೊಳ್ಳಬೇಡ, ನೀನಿದ್ದಿದ್ದರೂ ನಗುತ್ತಿದ್ದೆ.

ಇಲ್ಲಿ ನನಗೂ ಜಾಗ ಬದಲಾಯಿತು. ಕತ್ತರಿಸುವ ಸಾಲಿನಿಂದ ತೆಗೆದು ಉಪ್ಪುನೀರಿನ ಕೋಣೆಗೆ ಹಾಕಿದ್ದಾರೆ. ಚೀಲ ಒಡೆಯುವುದು, ಬಿಳಿ ಪುಡಿ ತೂಗಿ ನೀರಿಗೆ ಸುರಿಯುವುದು, ಕಲಕಿ ಡ್ರಮ್ಮಿಗೆ ಬಿಡುವುದು. ಆ ನೀರಿನಲ್ಲಿ ಮಾಂಸ ಎರಡು ಗಂಟೆ ಉರುಳುತ್ತದೆ. ಒಳಗೆ ಹೋಗುವಾಗ ನಾಲ್ಕು ಕೋಳಿಯ ತೂಕ, ಹೊರಗೆ ಬರುವಾಗ ಐದರದ್ದು. ಮದುವೆಯಾಗಿ ವರ್ಷ ಕಳೆದ ಗಂಡಸರ ಹಾಗೆ ಉಬ್ಬಿಕೊಂಡು ಬರುತ್ತವೆ ಅಂತ ನಾವು ಹೆಂಗಸರು ನಗುತ್ತೇವೆ. ಪುಡಿ ಕೈಗೆ ಬಿದ್ದರೆ ಚರ್ಮ ಒಡೆಯುತ್ತದೆ, ಅದೊಂದು ಬಿಟ್ಟರೆ ಕೆಲಸ ಹಗುರ.

ಆಕಾರ ಕೆಟ್ಟ ತುಂಡುಗಳನ್ನು ಚೀಟಿ ಅಂಟಿಸದೆ ಕೆಲಸದವರಿಗೆ ಕೊಡುತ್ತಾರೆ. ನನ್ನ ಪಾಲಿನಲ್ಲಿ ಒಳ್ಳೆಯದನ್ನು ಆರಿಸಿ ನಿನಗೆ ಕಟ್ಟುತ್ತೇನೆ. ಮಗಳು, "ಅಮ್ಮ, ಮೂಳೆ ನಮಗೆ, ಎದೆ ದೊಡ್ಡಮ್ಮನಿಗಾ?" ಅಂತ ಕೇಳುತ್ತಾಳೆ.

ಕಿಡ್ನಿ ಕೊಡುತ್ತೇನೆ ಅಂದ ಮೇಲೆ ಕೊಡುತ್ತೇನೆ. ಪದೇಪದೇ ನೆನಪಿಸಬೇಡ. ಮಾತ್ರೆ ಅಗಿ, ಕಡಿಮೆ ಯೋಚನೆ ಮಾಡು.

ಕಡ್ಡಿ

೧೦ ಏಪ್ರಿಲ್

ಪ್ರೀತಿಯ ಕಡ್ಡಿ,

ಎಂಟು ಪಾಯಿಂಟ್ ನಾಲ್ಕು.

ಇಳಿಯುತ್ತದೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ, ಏರಿತು. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ತಪ್ಪು ನನ್ನದೇ. ಲಾಂಡ್ರಿಯಲ್ಲಿ ನಾಲ್ಕು ಗಂಟೆಗೆ ಚಹಾ ಕೊಡುತ್ತಾರೆ. ಹಾಲು ಬೇಡ ಅಂತ ಹೇಳಲು ನಾಚಿಕೆಯಾಗಿ ಎರಡು ದಿನ ಹಾಗೇ ಕುಡಿದೆ. ಒಂದು ಭಾನುವಾರ ಮಾತ್ರೆ ಮರೆತು, ಊಟವಾಗಿ ಅರ್ಧ ಗಂಟೆಯ ಮೇಲೆ ತಿಂದೆ. ಇದನ್ನೆಲ್ಲ ಡಾಕ್ಟರಿಗೆ ಹೇಳಿಬಿಟ್ಟೆ. ಎರಡು ಲೋಟ ಚಹಾಕ್ಕೆ ಇಷ್ಟು ಏರುವುದಿಲ್ಲ, ಇನ್ನೇನು ಕದ್ದು ತಿನ್ನುತ್ತಿದ್ದೀರಿ ಅಂತ ಕೇಳಿದರು. ನಲವತ್ತೇಳು ವರ್ಷದ ಹೆಂಗಸನ್ನು ಎಲ್ಲರ ಎದುರಿಗೆ. ಪಕ್ಕದ ಕುರ್ಚಿಯಲ್ಲಿ ಡಯಾಲಿಸಿಸ್‌ಗೆ ಬರುವ ರಿಟೈರಾದ ಮೇಷ್ಟ್ರು ಪೇಪರ್ ಅಡ್ಡ ಹಿಡಿದು ಕೇಳಿಸದವರ ಹಾಗೆ ಕೂತರು. ಒಳ್ಳೆಯವರು.

ಈಗ ಹಾಲು ಇಲ್ಲ, ಮೊಸರು ಇಲ್ಲ, ಬೇಳೆ ಇಲ್ಲ, ಕಡಲೆಬೀಜದ ವಾಸನೆಯೂ ಇಲ್ಲ. ಅನ್ನ, ಬ್ರೆಡ್ಡು, ಎಲೆಕೋಸು, ನೀನು ಕಳಿಸಿದ್ದು. ಅಂಗೈ ಅಗಲದಷ್ಟು ತಾಜಾ ಮಾಂಸ ದಿನಾ ತಿನ್ನಲೇಬೇಕು, ಇಲ್ಲದಿದ್ದರೆ ಮೈ ಕರಗಿಹೋಗುತ್ತದೆ ಅಂತ ಮೇಡಂ ಹೇಳಿದ್ದಾರೆ. ಅಂಗೈ ಇಟ್ಟು ಅಳೆದೇ ತಿನ್ನುತ್ತೇನೆ. ನನ್ನ ಅಂಗೈ ದೊಡ್ಡದಾಯಿತೇನೋ ಅನ್ನುವುದು ಒಂದು ಹೊಸ ಚಿಂತೆ.

ಮೈ ನವೆ ಶುರುವಾಗಿದೆ. ಚರ್ಮದ ಮೇಲಲ್ಲ, ಒಳಗೆ. ಎಲ್ಲಿ ಕೆರೆದರೂ ಆ ಜಾಗ ಸಿಗುವುದಿಲ್ಲ. ಬಿಳಿ ಕವರುಗಳಿಗೆ ರಕ್ತ ತಾಗೀತು ಅಂತ ತೋಳಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತೇನೆ. ಚಿಂತೆಯಿಂದಲೂ ಇದು ಏರುತ್ತದಾ ಅಂತ ಮೇಡಂನ ಕೇಳಿದೆ. "ಚಿಂತೆಯಿಂದ ಏರೋ ಹಾಗಿದ್ರೆ ನಿಮ್ಮದು ನೂರು ದಾಟಬೇಕಿತ್ತು" ಅಂದರು. ನಗಿಸಲಿಕ್ಕೆ ಹೇಳಿದ್ದು. ಕೋಣೆಗೆ ಬಂದು ಅತ್ತೆ.

ಅಕ್ಕ

೧೮ ಏಪ್ರಿಲ್

ಅಕ್ಕ,

ಒಂದು ಕೆಲಸ ಮಾಡು. ಆ ಜಾಸ್ತಿಯಾಗಿರುವುದರ ಹೆಸರೇನು? ನಾಲಿಗೆಗೆ ಹತ್ತದಿದ್ದರೆ ಬೇಡ, ರಿಪೋರ್ಟು ನೋಡಿ ಹಾಗೇ ಇಳಿಸಿ ಬರೆ. ಇಲ್ಲಿ ತಿಳಿದವರೊಬ್ಬರು ಇದ್ದಾರೆ, ಕೇಳುತ್ತೇನೆ.

ಮಗಳಿಗೆ ನೆಗಡಿ. ಉಳಿದಂತೆ ಏನಿಲ್ಲ. ಪೊಟ್ಟಣ ಶುಕ್ರವಾರ ಬರುತ್ತದೆ.

ಕಡ್ಡಿ

೨೫ ಏಪ್ರಿಲ್

ಪ್ರೀತಿಯ ಕಡ್ಡಿ,

ನೀನು ಕೇಳಿದ್ದೇ ಸಂತೋಷ. ನನ್ನ ಕಾಯಿಲೆ ನಿನಗೆ ಬೇಸರ ತಂದಿದೆ ಅಂದುಕೊಂಡಿದ್ದೆ. ಹೆಸರು ಫಾಸ್ಫೇಟ್. ಮೂರು ಸಲ ನೋಡಿ ಬರೆದಿದ್ದೇನೆ. ಮೇಷ್ಟ್ರನ್ನು ಕೇಳಿದೆ, ರಂಜಕದಿಂದ ಆಗುವ ಉಪ್ಪು ಕಣಮ್ಮ, ಬೆಂಕಿಕಡ್ಡಿ ಪೆಟ್ಟಿಗೆಯ ಪಕ್ಕದಲ್ಲಿ ಬಳಿದಿರುತ್ತಾರಲ್ಲ ಅದೇ ರಂಜಕ ಅಂದರು. ಮೈಯೊಳಗೆ ಬೆಂಕಿಪೆಟ್ಟಿಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ ನೋಡು.

ಮೇಡಂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಮೂಳೆ ಅಂದರೆ ಬರೀ ಕಂಬ ಅಂದುಕೊಂಡಿದ್ದೆ. ಅದು ಉಗ್ರಾಣವಂತೆ. ಸುಣ್ಣ ಮತ್ತು ಈ ಫಾಸ್ಫೇಟು ಎರಡನ್ನೂ ಕಟ್ಟಿಟ್ಟುಕೊಂಡಿರುತ್ತದೆ. ರಕ್ತದಲ್ಲಿ ಫಾಸ್ಫೇಟ್ ಹೆಚ್ಚಾದರೆ ಮೂಳೆಯೇ ಕಿಡ್ನಿಗೆ ಹೇಳಿ ಕಳಿಸುತ್ತದೆ, ಜಾಸ್ತಿಯಾಯಿತು, ಆಚೆ ಹಾಕು ಅಂತ. ನನ್ನ ಕಿಡ್ನಿಗಳಿಗೆ ಅದನ್ನು ಕೇಳುವ ಶಕ್ತಿ ಇಲ್ಲ. ಮೂಳೆ ಮಾತ್ರ ಬಿಡದೆ ಹೇಳಿ ಕಳಿಸುತ್ತಲೇ ಇದೆಯಂತೆ, ಉತ್ತರ ಬಾರದ ಮನೆಗೆ ಕಾಗದ ಬರೆದ ಹಾಗೆ. ಇನ್ನೊಂದು ಕಡೆ ಕುತ್ತಿಗೆಯಲ್ಲಿ ನಾಲ್ಕು ಗ್ರಂಥಿಗಳಿವೆ, ಅಕ್ಕಿಕಾಳಿನಷ್ಟು. ಫಾಸ್ಫೇಟ್ ಏರಿ ಸುಣ್ಣ ಇಳಿದರೆ ಅವಕ್ಕೆ ಗಾಬರಿ. ಗಾಬರಿಯಲ್ಲಿ ಮೂಳೆಯನ್ನೇ ಕೆರೆದು ಸುಣ್ಣ ತೆಗೆದು ರಕ್ತಕ್ಕೆ ಹಾಕುತ್ತವೆ. ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡೇ ಮನೆ ಕೆಡವುತ್ತವೆ. ಥೇಟ್ ನನ್ನ ಬುದ್ಧಿ ಅನ್ನಿಸಿತು.

ದಿನಾ ಏನೇನು ತಿನ್ನುತ್ತೀರಿ ಬರೆದು ತನ್ನಿ ಅಂದಿದ್ದರು. ಬರೆದು ಕೊಟ್ಟೆ. "ಮಾಂಸ ಎಲ್ಲಿಂದ ತರ್ತೀರಿ? ಪ್ಯಾಕೆಟ್ಟಿನದಾ?" ಅಂತ ಕೇಳಿದರು. ನನಗೆ ಸಿಟ್ಟೇ ಬಂತು. "ಅಂಗಡಿದಲ್ಲ ಮೇಡಂ, ನನ್ನ ತಂಗಿ ಕೈಯಾರೆ ಕಟ್ಟಿ ಕಳಿಸ್ತಾಳೆ" ಅಂದೆ. ಹಾಗಾದರೆ ಸರಿ ಅಂತ ಅದರ ಪಕ್ಕ ಟಿಕ್ ಹಾಕಿದರು. ಇಡೀ ಪಟ್ಟಿಯಲ್ಲಿ ಟಿಕ್ ಬಿದ್ದಿದ್ದು ಅದೊಂದಕ್ಕೇ.

ಇನ್ನೊಂದು ವಿಷಯ. ಮೇ ಎರಡನೇ ವಾರ ನಿನ್ನೊಬ್ಬಳನ್ನೇ ಕರೆದು ಕೂರಿಸಿ ಮಾತಾಡುತ್ತಾರಂತೆ, ಮನಸಾರೆ ಕೊಡುತ್ತಿದ್ದೀರಾ ಅಂತ ಕೇಳುವುದಕ್ಕೆ. ನನ್ನನ್ನೂ ಒಳಗೆ ಬಿಡುವುದಿಲ್ಲವಂತೆ. ಅದಾಗಿ, ಮೂರು ತಿಂಗಳು ಸಂಖ್ಯೆ ನಿಂತರೆ ದಿನ ಗೊತ್ತು ಮಾಡುವುದೇ. ಆದರೆ ಈ ಸಲದ ಸಂಖ್ಯೆ ಇಳಿದರೆ ಮಾತ್ರ ಕರೆಯುತ್ತಾರೆ. ನೀನು ಕೇಳಿದ ತಿಳಿದವರು ಏನಂದರು, ಬೇಗ ಬರೆ.

ಅಕ್ಕ

೨೦ ಜೂನ್

ಅಕ್ಕ,

ಬರೆಯುವುದು ತಡವಾಯಿತು. ಮಗಳ ಪರೀಕ್ಷೆ, ಆಮೇಲೆ ಕಾರ್ಖಾನೆಯಲ್ಲಿ ಎರಡು ಪಾಳಿ, ಆಮೇಲೆ ಇವರಿಗೆ ಬೆನ್ನುನೋವು. ಕೈ ಒಡೆದು ಪೆನ್ನು ಹಿಡಿಯಲೂ ಆಗುತ್ತಿರಲಿಲ್ಲ. ಒಂದೊಂದಾಗಿ ಹೇಳಿದರೆ ನೆಪ ಅನ್ನಿಸುತ್ತದೆ, ಬಿಡು.

ಮಗಳು ಪಾಸಾದಳು, ಲೆಕ್ಕದಲ್ಲಿ ಮಾತ್ರ ಕೂದಲೆಳೆಯಲ್ಲಿ ಪಾಸು. ನಮ್ಮ ಮನೆಯ ಹಿಂದಿನ ಗೋಡೆ ಕೆಡವಿ ಕಿಟಕಿ ಇಡಿಸುತ್ತಿದ್ದೇವೆ. ಧೂಳೋ ಧೂಳು.

ಮೇ ತಿಂಗಳಲ್ಲಿ ನನಗೆ ಆಸ್ಪತ್ರೆಯಿಂದ ಕರೆ ಬರಲಿಲ್ಲ. ಮುಂದಕ್ಕೆ ಹೋಯಿತಾ? ಎಷ್ಟು ಮುಂದಕ್ಕೆ? ಸಂಖ್ಯೆ ಇಳಿಯದಿದ್ದರೆ ಏನು ಮಾಡುತ್ತಾರೆ, ಪೂರ್ತಿ ಕೈ ಬಿಡುತ್ತಾರಾ ಅಥವಾ ಕಾಯುತ್ತಾರಾ? ಸುಮ್ಮನೆ ಕೇಳಿದೆ.

ಈ ಸಲದ ಪೊಟ್ಟಣ ದೊಡ್ಡದಿದೆ.

ಕಡ್ಡಿ

೨ ಜುಲೈ

ಪ್ರೀತಿಯ ಕಡ್ಡಿ,

ಎಂಟು ವಾರ ಕಾಗದ ಇಲ್ಲದ್ದಕ್ಕೆ ನಾನು ಏನೆಲ್ಲ ಅಂದುಕೊಂಡೆ ಗೊತ್ತಾ. ನಿನಗೇ ಏನೋ ಕಾಯಿಲೆ, ನನ್ನಿಂದ ಮುಚ್ಚಿಡುತ್ತಿದ್ದೀಯ ಅಂದುಕೊಂಡೆ. ಇಲ್ಲ, ಗಂಡ ಹೆಂಡತಿಗೆ ಜಗಳವಾಗಿದೆ, ಕಿಡ್ನಿ ಕೊಡಬೇಡ ಅಂತ ಅವರು ಹಟ ಹಿಡಿದಿದ್ದಾರೆ, ನೀನು ಅಕ್ಕನ ಪರ ನಿಂತು ಬೈಸಿಕೊಳ್ಳುತ್ತಿದ್ದೀಯ ಅಂದುಕೊಂಡೆ. ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಅವರಿಗೆ ನಾನೇ ಬರೆದು ಕೇಳಿಕೊಳ್ಳುತ್ತೇನೆ. ನಿನ್ನ ಕಾಗದದಲ್ಲಿ ನಗು ಇರಲಿಲ್ಲ, ಅದು ಗೊತ್ತಾಯಿತು.

ಸಂಖ್ಯೆ ಒಂಬತ್ತು ಪಾಯಿಂಟ್ ಒಂದು. ನನ್ನ ಫೈಲನ್ನು ಬದಿಗಿಟ್ಟಿದ್ದಾರೆ. ಇಳಿಯುವವರೆಗೂ ಆ ಮಾತೇ ಇಲ್ಲವಂತೆ. ನೀನು ಕೇಳಿದೆಯಲ್ಲ, ಕೈ ಬಿಡುವುದಿಲ್ಲ, ಕಾಯಿಸುತ್ತಾರೆ.

ಹೋದ ವಾರ ಕೆಮ್ಮಿದೆ ಕಣೇ, ಬರೀ ಕೆಮ್ಮಿದೆ, ಪಕ್ಕೆಲುಬು ಸೀಳಿತು. ಸಣ್ಣ ಕಡ್ಡಿ ಮುರಿದ ಹಾಗೆ ಸದ್ದು ಬಂತು. ಎಕ್ಸ್-ರೇ ನೋಡಿ, ಮೂಳೆ ಜಾಳುಜಾಳಾಗಿದೆ, ಕುತ್ತಿಗೆಯ ಸ್ಕ್ಯಾನ್ ಮಾಡಿ ಗ್ರಂಥಿಗಳು ಉಬ್ಬಿವೆ ಅಂದರು. ಅಕ್ಕಿಕಾಳಿನಷ್ಟು ಇದ್ದದ್ದು ಈಗ ಅವರೆಕಾಳಿಗಿಂತ ದಪ್ಪವಂತೆ. ಲಾಂಡ್ರಿಯಲ್ಲಿ ನನ್ನ ಜೊತೆ ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಹೆಂಗಸು, ನೀನು ತುದಿ ಹಿಡಿದು ಎಳೆಯಬೇಡ, ನಿನ್ನ ಕೈಯೇ ಬಂದುಬಿಟ್ಟೀತು ಅನ್ನುತ್ತಾಳೆ. ತಮಾಷೆಗೆ ಅನ್ನುತ್ತಾಳೆ, ಆದರೆ ತುದಿ ಕೊಡುವುದಿಲ್ಲ.

ಎಲೆಕೋಸನ್ನೂ ಬಿಟ್ಟೆ. ಅದರಲ್ಲಿ ಏನೂ ಇಲ್ಲ, ತಿನ್ನಿ ಅಂತ ಮೇಡಂ ಹೇಳುತ್ತಾರೆ. ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಅನ್ನ, ಮಾತ್ರೆ, ನೀನು ಕಳಿಸಿದ್ದು. ದೊಡ್ಡ ಪೊಟ್ಟಣ ಕಳಿಸಿದ್ದು ಒಳ್ಳೆಯದಾಯಿತು. ಮೂಳೆ ಗಟ್ಟಿಯಾಗಲಿ ಅಂತ ಈಗ ಎರಡು ಹೊತ್ತೂ ತಿನ್ನುತ್ತಿದ್ದೇನೆ.

ಅಕ್ಕ

೧೫ ಜುಲೈ

ಅಕ್ಕ,

ಇವರ ಜೊತೆ ಜಗಳ ಇಲ್ಲ. ಅವರಿಗೆ ಬರೆಯಬೇಡ.

ಈ ಸಲ ಪೊಟ್ಟಣ ಇಲ್ಲ. ಕಾರ್ಖಾನೆಯ ಒಂದು ಡ್ರಮ್ಮು ಕೆಟ್ಟಿದೆ. ಸ್ವಲ್ಪ ದಿನ ಮಾಂಸ ತಿನ್ನದೆ ಇದ್ದರೆ ಏನಾಗುತ್ತದೆ? ಮೊಟ್ಟೆಯ ಬಿಳಿ ತಿಂದು ನೋಡು. ಮಳೆಗೆ ಚಳಿಯಾಗುತ್ತದೆ ಅಂತ ಒಂದು ಕಂಬಳಿ ಕಳಿಸಿದ್ದೇನೆ. ಪಕ್ಕೆಗೆ ಬಿಗಿಯಾಗಿ ಏನೂ ಕಟ್ಟಬೇಡ.

ಕಡ್ಡಿ

೩ ಸೆಪ್ಟೆಂಬರ್

ಕಡ್ಡಿ,

ಈ ಸಲ ತಡ ಮಾಡಿದ್ದು ನಾನು.

ಕಂಬಳಿ ಬಂತು. ಬೆಚ್ಚಗಿದೆ. ಅದನ್ನು ನೀನು ಸುತ್ತಿ ಕಳಿಸಿದ್ದು ನಿಮ್ಮ ಕಾರ್ಖಾನೆಯ ಖಾಲಿ ಚೀಲದಲ್ಲಿ. ಮಡಿಕೆಯಲ್ಲಿ ಬಿಳಿ ಪುಡಿ ಉಳಿದಿತ್ತು. ಮುಂಚೆ ಆಗಿದ್ದರೆ ಒದರಿ ಕಾಲೊರೆಸಲು ಹಾಕುತ್ತಿದ್ದೆ. ಈಗ ಏನು ಸಿಕ್ಕರೂ ಅದರ ಮೇಲೆ ಬರೆದದ್ದನ್ನು ಓದುವ ಚಟ ಹತ್ತಿಸಿದ್ದಾರೆ ಮೇಡಂ. ಆ ಹೆಸರು ಎಲ್ಲಿ ಕಂಡರೂ ವಾಪಸ್ ಇಟ್ಟುಬಿಡಿ ಅಂದಿದ್ದಾರೆ. ಚೀಲದ ಮೇಲೆ ದೊಡ್ಡದಾಗಿ ಅಚ್ಚು ಹಾಕಿತ್ತು. ನನ್ನ ಕಣ್ಣು ತಪ್ಪಿರಬಹುದು ಅಂತ ರಿಪೋರ್ಟು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ.

ಚೀಲ ಮಡಿಸಿಕೊಂಡು ಮೇಡಂ ಹತ್ತಿರ ಹೋದೆ. ಮಾಂಸ ನೀರು ಕುಡಿದು ತೂಕ ಬರಲಿ ಅಂತ ಹಾಕುವ ಪುಡಿ ಇದು ಅಂದರು. ಕೇಳು, ಅವರು ಹೇಳಿದ ಇನ್ನೊಂದು ಮಾತು. ಬೇಳೆಯಲ್ಲಿರುವ ಫಾಸ್ಫೇಟು ಅರ್ಧದಷ್ಟೂ ಮೈಗೆ ಹತ್ತುವುದಿಲ್ಲವಂತೆ. ಈ ಪುಡಿಯದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ, ಮಾತ್ರೆ ಎಷ್ಟು ಅಗಿದರೂ ತಡೆಯಲಾಗದಷ್ಟು. ನಾನು ಅರ್ಧ ಹತ್ತುವುದನ್ನೆಲ್ಲ ಬಿಟ್ಟು, ಪೂರ್ತಿ ಹತ್ತುವುದನ್ನು ಅಂಗೈ ಅಳತೆಯಲ್ಲಿ ಎರಡು ಹೊತ್ತು ತಿಂದೆ.

"ನಿಮಗೆ ಈ ಮಾಂಸ ಯಾರು ಕೊಡ್ತಾ ಇದ್ದಿದ್ದು?" ಅಂತ ಕೇಳಿದರು. ಅಂಗಡಿಯಲ್ಲಿ ತಗೊಂಡೆ, ತಂಗಿ ಕಳಿಸೋದು ಅಂತ ಸುಳ್ಳು ಹೇಳಿದ್ದೆ ಅಂದೆ. ಬಾಯಿಗೆ ಅದೇ ಬಂತು. ಮೇಡಂ ಪಟ್ಟಿ ತೆಗೆದು ಆ ಟಿಕ್ಕನ್ನು ಹೊಡೆದುಹಾಕಿದರು. ಆವತ್ತಿನಿಂದ ನನ್ನ ಹತ್ತಿರ ನಗುತ್ತಾ ಮಾತಾಡುವುದಿಲ್ಲ.

ಮಾಂಸ ಬಿಟ್ಟು ಮೊಟ್ಟೆಯ ಬಿಳಿಗೆ ಬಂದೆ. ಆಗಸ್ಟಿನಲ್ಲಿ ಆರು ಪಾಯಿಂಟ್ ಎರಡು. ನಿನ್ನೆ ಐದು ಪಾಯಿಂಟ್ ಮೂರು. ನವೆ ಹೋಗಿದೆ.

ನಿನ್ನ ಕಾಗದಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಬೆಂಚಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. ಪುಡಿಯ ಸಂಗತಿ ಮಾರ್ಚಿನಲ್ಲೇ ನೀನೇ ಬರೆದಿದ್ದೀಯ, ನಗುತ್ತಾ. ಆಗ ಇಬ್ಬರಿಗೂ ಗೊತ್ತಿರಲಿಲ್ಲ, ಅದು ಸರಿ. ಏಪ್ರಿಲ್ ಹದಿನೆಂಟಕ್ಕೆ ಹೆಸರು ಕೇಳಿದೆ. ಇಪ್ಪತ್ತೈದಕ್ಕೆ ನಾನು ಬರೆದೆ. ಆಮೇಲೆ ಎಂಟು ವಾರ ಖಾಲಿ. ಆಮೇಲೆ ದೊಡ್ಡ ಪೊಟ್ಟಣ.

ಆ ಖಾಲಿ ಜಾಗದಲ್ಲಿ ಏನಿತ್ತು? ಕಾಗದ ಕೈಗೆ ಬರಲಿಲ್ಲ, ಹೆಸರು ನೋಡಲಿಲ್ಲ, ನೋಡಿದರೂ ಹೊಳೆಯಲಿಲ್ಲ, ಯಾವುದಾದರೂ ಒಂದು ಬರೆ. ಗೊತ್ತಿರಲಿಲ್ಲ ಅಂತ ಒಂದೇ ಸಾಲು ಬರೆದರೂ ಸಾಕು. ನಂಬುತ್ತೇನೆ. ಮತ್ತೆ ಆ ಮಾತು ಎತ್ತುವುದಿಲ್ಲ.

ಅಕ್ಕ

೧೨ ಸೆಪ್ಟೆಂಬರ್

ಅಕ್ಕ,

ಗೊತ್ತಿತ್ತು.

ಏಪ್ರಿಲ್‌ನಲ್ಲಿ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಉಪ್ಪುನೀರಿನ ಕೋಣೆಗೆ ಹೋದೆ. ಚೀಲಗಳು ನನ್ನ ತಲೆ ಎತ್ತರಕ್ಕೆ ಪೇರಿಸಿದ್ದವು, ಎಲ್ಲದರ ಮೇಲೂ ನೀನು ಮೂರು ಸಲ ನೋಡಿ ಬರೆದ ಹೆಸರು. ಆವತ್ತೇ ನಿನಗೆ ಬರೆಯಲು ಕೂತೆ. ಎರಡು ಸಾಲು ಬರೆದೆ. ಆಮೇಲೆ ನಿನ್ನ ಕಾಗದದ ಕೊನೆಯ ಭಾಗ ಮತ್ತೆ ಓದಿದೆ. ಸಂಖ್ಯೆ ಇಳಿದರೆ ಮೇ ಎರಡನೇ ವಾರ ನನ್ನನ್ನು ಕರೆಯುತ್ತಾರೆ ಅಂತ. ಬರೆದದ್ದನ್ನು ಹರಿದೆ. ಇನ್ನೊಂದು ವಾರ ಬಿಟ್ಟು ಹೇಳೋಣ ಅಂದುಕೊಂಡೆ. ಹಾಗೆ ಎಂಟು ವಾರ. ಜುಲೈನಲ್ಲಿ ನಿನ್ನ ಫೈಲು ಬದಿಗಿಟ್ಟರು ಅಂತ ಓದಿದಾಗ ನನಗೆ ಉಸಿರು ಹಗುರವಾಯಿತು. ಮುಂದಿನ ಸಾಲಿನಲ್ಲಿ ನಿನ್ನ ಪಕ್ಕೆಲುಬು.

ದೊಡ್ಡ ಪೊಟ್ಟಣ ಯಾಕೆ ಕಳಿಸಿದೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಂಬಳಿಯನ್ನು ಆ ಚೀಲದಲ್ಲಿ ಬೇಕೆಂದೇ ಸುತ್ತಿದೆನೋ ಕೈಗೆ ಸಿಕ್ಕಿತು ಅಂತ ಸುತ್ತಿದೆನೋ, ಅದೂ ಗೊತ್ತಿಲ್ಲ. ಬೇಕೆಂದೇ ಅಂತ ಹೇಳಿಕೊಂಡರೆ ನನಗೆ ಒಳ್ಳೆಯದು. ಅದಕ್ಕೇ ಹೇಳುವುದಿಲ್ಲ.

ಒಂದು ಮಾತು ಹೇಳುತ್ತೇನೆ, ಹೊಟ್ಟೆಗೆ ಹಾಕಿಕೋ ಅಂತ ಕೇಳುತ್ತಿಲ್ಲ. ಕಿಡ್ನಿ ಕೊಡ್ತೀಯಾ ಅಂತ ನೀನು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಡಾಕ್ಟರಿಗೆ ಹೇಳಿದೆ. ನಾನು ಪಕ್ಕದಲ್ಲಿ ಕೂತಿದ್ದೆ, ನನ್ನ ಕೈ ನಿನ್ನ ಕೈಯಲ್ಲಿತ್ತು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದರು, ನಾನೂ ಆಡಿಸಿದೆ. ಅಮ್ಮ ಹಾಸಿಗೆ ಹಿಡಿದ ವರ್ಷ ನೀನು ಸ್ಕೂಲು ಬಿಟ್ಟೆ. ನನಗೆ ಆಗ ನಾಲ್ಕು ವರ್ಷ. ಬಿಡು ಅಂತ ನಾನು ಹೇಳಿರಲಿಲ್ಲ. ಆದರೂ ಮಾತಾಡಿದಾಗಲೆಲ್ಲ ಆರನೇ ಕ್ಲಾಸು ಬರುತ್ತದೆ, ಕಾಗದದಲ್ಲೂ ಬಂತು, ತಪ್ಪು ಅಕ್ಷರದ ನೆಪದಲ್ಲಿ. ನೀನು ತಲೆ ಬಾಚಿದ್ದು, ಜ್ವರಕ್ಕೆ ಕೂತಿದ್ದು, ಹುಡುಗ ನೋಡಿದ್ದು, ಎಲ್ಲ ನನ್ನ ಮೈಮೇಲೆ ಇದೆ. ಅದನ್ನು ಇಳಿಸಲು ಒಂದೇ ದಾರಿ, ಮೈಯನ್ನೇ ಕೊಯ್ದು ಕೊಡುವುದು ಅಂತ ಆದಾಗ ಹೆದರಿದೆ. ಹೆದರಿಕೆ ಆಗುತ್ತದೆ ಅಂತ ನಿನ್ನ ಹತ್ತಿರ ಹೇಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಹೆದರುವ ಹಕ್ಕು ನಿನ್ನೊಬ್ಬಳದೇ.

ಈಗ ಸಂಖ್ಯೆ ಇಳಿದಿದೆ. ಕರೆದರೆ ಬರುತ್ತೇನೆ. ಒಳಗೆ ಕೂರಿಸಿ ಕೇಳಿದರೆ ಮನಸಾರೆ ಅಂತಲೇ ಹೇಳುತ್ತೇನೆ.

ಕಡ್ಡಿ

೨೦ ನವೆಂಬರ್

ತಂಗಿಗೆ,

ಸೆಪ್ಟೆಂಬರ್ ಐದು ಪಾಯಿಂಟ್ ಮೂರು, ಅಕ್ಟೋಬರ್ ಐದು, ಈ ತಿಂಗಳು ನಾಲ್ಕು ಪಾಯಿಂಟ್ ಏಳು. ಮೂರು ತಿಂಗಳಾಯಿತು. ದೊಡ್ಡ ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿ, "ಕೊನೆಗೂ ಬಾಯಿ ಕಟ್ಟಿದ್ರಲ್ಲ, ಇದನ್ನ ಮೊದಲೇ ಮಾಡಿದ್ರೆ?" ಅಂದರು. ಹೌದು ಡಾಕ್ಟ್ರೇ, ತಪ್ಪು ನಂದೇ ಅಂದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹತ್ತು ವಾರ ಬೇಕಾಯಿತು. ನೀನು ಬರೆದದ್ದರಲ್ಲಿ ನಿಜ ಇದೆ. ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟೀಯ ಅನ್ನುವ ಭಯಕ್ಕೆ ಕೇಳಲಿಲ್ಲ. ಡಾಕ್ಟರ ಎದುರು ಹೇಳಿದರೆ ನೀನು ಇಲ್ಲ ಅನ್ನಲಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕೈ ಹಿಡಿದುಕೊಂಡಿದ್ದೆ. ಅದು ನನ್ನ ಪಾಲು, ಒಪ್ಪುತ್ತೇನೆ.

ಇನ್ನು ನಿನ್ನ ಪಾಲು. ಕಿಡ್ನಿ ಕೊಡುವವರನ್ನು ಒಂಟಿಯಾಗಿ ಕೂರಿಸಿ ಮಾತಾಡಿಸುವ ಹೆಂಗಸನ್ನು ನಾನು ಹೋಗಿ ನೋಡಿದೆ. ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಗಡಿಯಾರ. ಯಾರಾದರೂ ಇಲ್ಲಿ ಕೂತು ಇಷ್ಟವಿಲ್ಲ ಅಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಮನೆಯವರಿಗೆ ಹೊಂದಿಕೆ ಆಗಲಿಲ್ಲ ಅಂತ ಅಷ್ಟೇ ಹೇಳ್ತೀವಿ. ಯಾರಿಗೂ ಕಾರಣ ಗೊತ್ತಾಗಲ್ಲ. ಈ ಕೋಣೆ ಇರೋದೇ ಅದಕ್ಕೆ" ಅಂದರು. ಒಂದು ಮಾತು, ಕಡ್ಡಿ. ನನ್ನನ್ನು ಒಳಗೆ ಬಿಡದ ಆ ಕೋಣೆಯಲ್ಲಿ ಒಂದೇ ಮಾತು ಹೇಳಿದ್ದರೆ ನಾನು ಹಣೆಬರಹ ಅಂದುಕೊಂಡು ಸುಮ್ಮನಾಗುತ್ತಿದ್ದೆ, ಸಾಯುವವರೆಗೂ ನಿನ್ನನ್ನು ಹರಸುತ್ತಿದ್ದೆ. ನೀನು ಅಷ್ಟು ದೂರವೂ ಬರಲಿಲ್ಲ. ಕೂತಲ್ಲೇ ಪೊಟ್ಟಣ ಕಟ್ಟಿದೆ. ಎದೆಯ ತುಂಡು ಆರಿಸಿ.

ಅದಕ್ಕೆ ಆ ಮಾತನ್ನು ನಾನೇ ಹೇಳಿ ಬಂದೆ. ನನ್ನ ತಂಗಿಯದು ಬೇಡ ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಫೈಲಿನಲ್ಲಿ ಹೊಂದಿಕೆ ಇಲ್ಲ ಅಂತ ಬರೆದುಕೊಂಡರು. ಸತ್ತವರ ಕಿಡ್ನಿಗೆ ಕಾಯುವವರ ಸಾಲಿನಲ್ಲಿ ನನ್ನ ಹೆಸರು ಸೇರಿಸಿದ್ದಾರೆ. ಆರೇಳು ವರ್ಷದ ಸಾಲು ಅದು. ಮೇಷ್ಟ್ರು ನನಗಿಂತ ಎರಡು ವರ್ಷ ಮುಂದಿದ್ದಾರೆ.

ಇನ್ನೊಂದು. ಫಾಸ್ಫೇಟ್ ಇಳಿದರೂ ಕುತ್ತಿಗೆಯ ಗ್ರಂಥಿಗಳು ಇಳಿಯಲಿಲ್ಲ. ಎಲ್ಲ ಸರಿಹೋಗಿದೆ ಅಂತ ರಕ್ತ ಹೇಳಿದರೂ ಅವು ಕೇಳುವುದಿಲ್ಲವಂತೆ. ಅಷ್ಟು ತಿಂಗಳು ಗಾಬರಿಯಲ್ಲೇ ಬೆಳೆದವು, ಈಗ ಅದೇ ಅಭ್ಯಾಸವಾಗಿ ಸುಮ್ಮನೆ ಮೂಳೆ ಕೆರೆಯುತ್ತಲೇ ಇವೆ. ಮಾತ್ರೆಗೆ ಬಗ್ಗುವುದಿಲ್ಲ, ಕೊಯ್ದು ತೆಗೆಯಬೇಕು ಅಂದರು. ಡಿಸೆಂಬರ್ ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ದಿನ ಬೇಕು ಬೇಕು ಅಂತ ವರ್ಷವೆಲ್ಲ ಬಡಿದುಕೊಂಡೆ, ಸಿಕ್ಕಿತು.

ಮಾಂಸ ಕಳಿಸಬೇಡ. ಕಂಬಳಿಯೂ ಬೇಡ, ಇದರ ಜೊತೆಯಲ್ಲೇ ವಾಪಸ್ ಕಳಿಸಿದ್ದೇನೆ, ಅದೇ ಚೀಲದಲ್ಲಿ. ನೂರು ವರ್ಷ ಬಾಳು, ಎರಡೂ ಕಿಡ್ನಿ ಇಟ್ಟುಕೊಂಡು. ಆರನೇ ಕ್ಲಾಸಿನ ಮಾತು ಇನ್ನು ಬರೆಯುವುದಿಲ್ಲ.

ಆಪರೇಷನ್ನಿನ ಫಾರಂ ನಾನೇ ತುಂಬಿದೆ. ಹತ್ತಿರದ ಸಂಬಂಧಿ ಯಾರು ಅಂತ ಒಂದು ಜಾಗ ಇರುತ್ತದೆ. ನಿನ್ನ ಹೆಸರೇ ಬರೆದೆ, ಬರೆಯಲು ಇನ್ನೊಂದು ಹೆಸರು ನನಗಿಲ್ಲ. ಒಂಬತ್ತನೇ ತಾರೀಖು ಫೋನ್ ಬಂದರೆ ಎತ್ತು. ನಾನಾಗಿರುವುದಿಲ್ಲ, ಆಸ್ಪತ್ರೆಯವರಾಗಿರುತ್ತಾರೆ. ಅವರು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳು.

ಅಕ್ಕ